ಒಪ್ಪಿಗೆ, ಒಪ್ಪಿಸುವುದು ಮತ್ತು ‘ಹಿಂದುಳಿದವರು’

1

ಹೋದ ವರ್ಷ ನಮ್ಮ ಕಚೇರಿಗೆ ಕೃತಕ ಬುದ್ಧಿಮತ್ತೆ ಬಂತು. ಬಂತು ಎಂದರೆ, ಮೊದಲು ಸುತ್ತೋಲೆ ಬಂತು. ನಮ್ಮದು ತಾಲ್ಲೂಕು ಮಟ್ಟದ ಒಂದು ಸಣ್ಣ ಕಚೇರಿ; ನಾನು ಅಲ್ಲಿ ಗುಮಾಸ್ತ. ಅರ್ಜಿಗಳ ಸಾರಾಂಶ ಬರೆಯುವುದು, ಪತ್ರದ ಕರಡು ಮಾಡುವುದು, ಕನ್ನಡದ್ದನ್ನು ಇಂಗ್ಲಿಷಿಗೆ ತಿರುಗಿಸುವುದು, ಇದೆಲ್ಲವನ್ನೂ ಇನ್ನು ಮುಂದೆ ಎಐ ಸಾಧನದಲ್ಲೇ ಮಾಡಬೇಕು ಅಂತ ಸುತ್ತೋಲೆಯಲ್ಲಿತ್ತು. ಅದರ ಬೆನ್ನಿಗೆ ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬ ಯುವಕ ಬಂದ.

ಒಳ್ಳೆಯ ಹುಡುಗನೇ. ಗೋಡೆಯ ಮೇಲೆ ಒಂದು ಗುಡ್ಡದ ಚಿತ್ರ ಬಿಟ್ಟ. ಹೊಸದು ಬಂದಾಗ ಶೇಕಡಾ 2.5 ಜನ ಮುನ್ನುಗ್ಗಿ ಹಿಡಿಯುತ್ತಾರೆ. ಆಮೇಲೆ 13.5 ಜನ. ಆಮೇಲೆ 34, ಮತ್ತೆ 34. ಗುಡ್ಡದ ಆ ಕಡೆಯ ಇಳಿಜಾರಿನಲ್ಲಿ ಉಳಿದ 16. ಆ ಕೊನೆಯವರಿಗೆ ಇಂಗ್ಲಿಷಿನಲ್ಲಿ ಲ್ಯಾಗರ್ಡ್ಸ್ ಅಂತ ಹೆಸರು. ಅದರ ಕೆಳಗೆ ಕನ್ನಡದಲ್ಲಿ ಬರೆದಿತ್ತು: ‘ಹಿಂದುಳಿದವರು’.

ನಮ್ಮ ಅಟೆಂಡರ್ ತರಬೇತಿಗೆ ಬಂದವರಲ್ಲ. ಕುರ್ಚಿ ಜೋಡಿಸಿ, ಟೀ ಕೊಟ್ಟು, ಲೋಟ ಎತ್ತಲು ಗೋಡೆಗೆ ಒರಗಿ ನಿಂತಿದ್ದರು. ಅವರು ನಿಂತಲ್ಲಿಂದಲೇ ಹೇಳಿದರು: “ಸಾ, ಆ ಕೊನೇಲಿರೋರು ನಾವೇ ಬುಡಿ. ನಮ್ಮಪ್ಪನ ಕಾಲ್ದಿಂದ್ಲೂ ಅಲ್ಲೇ ಕೂರ್ಸವ್ರೆ.”

ಎಲ್ಲರೂ ನಕ್ಕರು. ತರಬೇತಿಯ ಹುಡುಗನೂ ಅರ್ಥವಾಗದೆ ನಕ್ಕ.

ಆ ನಗು ನನ್ನನ್ನು ಬಿಡಲಿಲ್ಲ. ಕತೆ, ಕವಿತೆ, ಕಾದಂಬರಿಗಳನ್ನು ಸಾಲು ಸಾಲಾಗಿ ಬಿಡಿಸಿ ನೋಡುವ ನಾವು ಇಂಥ ಬರಹವನ್ನು ಯಾಕೆ ವಿಮರ್ಶೆ ಮಾಡುವುದಿಲ್ಲ? ಇವತ್ತು ದುಡಿಯುವವರ ಹಣೆಬರಹ ಬರೆಯುತ್ತಿರುವುದು ಕಾವ್ಯವಲ್ಲ, ಸುತ್ತೋಲೆ. ಹೊಸ ಯಂತ್ರವನ್ನು ಕೆಲಸಗಾರರು ಒಪ್ಪುವ ಹಾಗೆ ಮಾಡುವುದು ಹೇಗೆ ಅಂತ ಮ್ಯಾನೇಜರುಗಳಿಗೆ ಹೇಳಿಕೊಡುವ ಕೈಪಿಡಿಗಳು ರಾಶಿರಾಶಿ ಬಂದಿವೆ. ಅದೊಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಅದಕ್ಕೂ ನಾಯಕ ಇದ್ದಾನೆ, ಖಳ ಇದ್ದಾನೆ. ನಾಯಕ ಮ್ಯಾನೇಜರು. ಖಳ ಯಾರೆಂದರೆ, ‘ಯಾಕೆ?’ ಅಂತ ಕೇಳಿದವನು.

2

ಈ ಗುಡ್ಡದ ಚಿತ್ರದ ಮೂಲ ಅಮೆರಿಕದ ಐಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳಲ್ಲಿದೆ. 1943ರಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಲ್ಲಿನ 259 ರೈತರು ಹೈಬ್ರಿಡ್ ಬೀಜಕ್ಕೆ ಹೇಗೆ ಹೊರಳಿದರು ಅಂತ ಒಂದು ಅಧ್ಯಯನ ಪ್ರಕಟಿಸಿದರು. 1928ರಿಂದ 1941ರೊಳಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೊಸ ಬೀಜ ಹಾಕಿದ್ದರು. ಅದೇ ಐಯೋವಾದ ರೈತನ ಮಗ ಎವರೆಟ್ ರೋಜರ್ಸ್ 1962ರಲ್ಲಿ ಬರೆದ ಪುಸ್ತಕದಿಂದ ಆ ಗುಡ್ಡ, ಆ ಐದು ಗುಂಪು, ಆ ಹೆಸರುಗಳು ಲೋಕಕ್ಕೆಲ್ಲ ಹರಡಿದವು. ರೋಜರ್ಸ್ ತಂದೆಯೂ ಹೈಬ್ರಿಡ್ ಬೀಜ ಬೇಡ ಅಂದವರು. 1936ರ ಬರಗಾಲದಲ್ಲಿ ಪಕ್ಕದ ಹೊಲದ ಹೊಸ ಬೀಜದ ಬೆಳೆ ನಿಂತಿತು, ಇವರದು ಒಣಗಿತು. ಬೇಡ ಅಂದವನು ಯಾವಾಗಲೂ ಸರಿ ಅಂತ ನಾನು ಹೇಳಲು ಹೊರಟಿಲ್ಲ. ಬೇಡ ಅಂದವನೂ ಸೋಲುತ್ತಾನೆ.

ಆದರೆ ಆ ಗುಡ್ಡವನ್ನು ಸರಿಯಾಗಿ ನೋಡಿ. ಆ ಶೇಕಡಾವಾರು ಲೆಕ್ಕ ಜನರನ್ನು ಮಾತಾಡಿಸಿ ಕಂಡುಕೊಂಡದ್ದಲ್ಲ. ಸರಾಸರಿಯಿಂದ ಇಷ್ಟು ದೂರ, ಅಷ್ಟು ದೂರ ಅಂತ ಗೆರೆ ಎಳೆದು ಮಾಡಿದ ಲೆಕ್ಕ. ಊರಿಗೆ ಊರೇ ಒಂದು ವಾರದಲ್ಲಿ ಕಲಿತರೂ ಏಳನೇ ದಿನ ಕಲಿತವನು ಈ ಲೆಕ್ಕದಲ್ಲಿ ಹಿಂದುಳಿದವನೇ. ಗೆರೆ ಮೊದಲು, ಮನುಷ್ಯ ಆಮೇಲೆ. ಈ ನಾಡಿನಲ್ಲಿ ಹುಟ್ಟಿದ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಕನ್ನಡದ ಪದವೂ ಒಂದು ಕೆಲಸ ಮಾಡುತ್ತದೆ. ‘ಹಿಂದುಳಿದವರು’ ಅಂದಾಗ ಕರ್ತೃ ಅವರೇ. ತಾವಾಗಿಯೇ ಹಿಂದೆ ಉಳಿದರು ಅನ್ನುವ ಹಾಗೆ. ಉಳಿಸಿದವರು ವ್ಯಾಕರಣದಲ್ಲೇ ನಾಪತ್ತೆ.

ನ್ಯಾಯವಾಗಿ ಹೇಳಬೇಕು: ರೋಜರ್ಸ್ ಇದನ್ನು ಮುಚ್ಚಿಡಲಿಲ್ಲ. ಹೊಸದೆಲ್ಲ ಒಳ್ಳೆಯದು ಅಂತ ನಂಬುವ ಪಕ್ಷಪಾತ ತಮ್ಮ ಶಾಸ್ತ್ರದಲ್ಲಿದೆ, ವ್ಯವಸ್ಥೆಯ ತಪ್ಪನ್ನು ಒಬ್ಬೊಬ್ಬ ಮನುಷ್ಯನ ತಲೆಗೆ ಕಟ್ಟುವ ಚಾಳಿಯಿದೆ ಅಂತ ಮುಂದಿನ ಆವೃತ್ತಿಗಳಲ್ಲಿ ಅವರೇ ಬರೆದರು. ಕ್ಯಾಲಿಫೋರ್ನಿಯಾದಲ್ಲಿ ಟೊಮ್ಯಾಟೊ ಕೀಳುವ ಯಂತ್ರ ಬಂದಾಗ ಏನಾಯಿತು ಅಂತಲೂ ಅವರ ಪುಸ್ತಕದಲ್ಲಿದೆ. ಸುಮಾರು 4000 ಬೆಳೆಗಾರರಿದ್ದ ಕಡೆ ಒಂಬತ್ತು ವರ್ಷದಲ್ಲಿ ಸುಮಾರು 600 ಮಂದಿ ಉಳಿದರು. ಕೈಯಲ್ಲಿ ಕೀಳುತ್ತಿದ್ದ ಸಾವಿರಾರು ಕೂಲಿಗಳು ಬೀದಿಗೆ ಬಿದ್ದರು. ನಮ್ಮ ಕಚೇರಿಯ ಗೋಡೆಗೆ ಗುಡ್ಡ ಮಾತ್ರ ಬಂತು. ತಪ್ಪೊಪ್ಪಿಗೆ ಐಯೋವಾದಲ್ಲೇ ಉಳಿಯಿತು.

ಇನ್ನೊಂದು ಮಾತು ಈ ಕೈಪಿಡಿಗಳಲ್ಲಿ ಎಡವಿದಲ್ಲೆಲ್ಲ ಸಿಗುತ್ತದೆ: ‘ಬದಲಾವಣೆಗೆ ಪ್ರತಿರೋಧ’. ಇದನ್ನು ರೋಗ ಅನ್ನುವ ಹಾಗೆ ಬರೆಯುತ್ತಾರೆ. ಲಕ್ಷಣ, ಕಾರಣ, ಚಿಕಿತ್ಸೆ. ಈ ಮಾತನ್ನು ಬಳಕೆಗೆ ತಂದ ಹಳೆಯ ಪ್ರಬಂಧ 1948ರದು. ಕಾಕ್ ಮತ್ತು ಫ್ರೆಂಚ್ ಬರೆದದ್ದು, ವರ್ಜೀನಿಯಾದ ಹಾರ್‌ವುಡ್ ಎಂಬ ಪೈಜಾಮ ಕಾರ್ಖಾನೆಯ ಬಗ್ಗೆ. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಹೆಂಗಸರು, ಪೀಸ್ ಲೆಕ್ಕದ ಕೂಲಿ. ಕೆಲಸದ ರೀತಿ ಬದಲಾಯಿಸಬೇಕಾದಾಗ ಒಂದು ಗುಂಪಿಗೆ ‘ನಾಳೆಯಿಂದ ಹೀಗೆ’ ಅಂತ ಹೇಳಿದರು, ಅಷ್ಟೆ. ಆ ಗುಂಪಿನಲ್ಲಿ ಮೊದಲ 40 ದಿನದೊಳಗೆ ಶೇಕಡಾ 17 ಮಂದಿ ಕೆಲಸ ಬಿಟ್ಟರು. ಬದಲಾವಣೆ ಹೇಗಿರಬೇಕು ಅಂತ ಎಲ್ಲರೂ ಕೂತು ತೀರ್ಮಾನಿಸಿದ ಗುಂಪುಗಳಲ್ಲಿ ಹಾಗಾಗಲಿಲ್ಲ. ಅವರ ಉತ್ಪಾದನೆ ಹಿಂದಿಗಿಂತ ಮೇಲಕ್ಕೆ ಹೋಯಿತು. ಅಂದರೆ ಆ ಮೊದಲ ಪ್ರಬಂಧವೇ ಹೇಳಿತ್ತು, ರೋಗ ಕೆಲಸಗಾರಳ ಮನಸ್ಸಿನಲ್ಲಿಲ್ಲ, ಕೇಳದೆ ಹೇರಿದ ಕೈಯಲ್ಲಿದೆ ಅಂತ.

ಅಲ್ಲೂ ಒಂದು ಮಿತಿ ಇತ್ತು. ಆ ಹೆಂಗಸರನ್ನು ‘ಹೇಗೆ’ ಅಂತ ಕೇಳಿದರು. ‘ಬೇಕೋ ಬೇಡವೋ’ ಅಂತ ಯಾರೂ ಕೇಳಲಿಲ್ಲ. ಇವತ್ತಿನ ಕೈಪಿಡಿಗಳು ‘ಹೇಗೆ’ಯನ್ನೂ ಬಿಟ್ಟು ‘ಯಾವಾಗ’ಕ್ಕೆ ಬಂದು ನಿಂತಿವೆ.

3

ಇನ್ನು ನಮ್ಮ ಕಚೇರಿಯ ಕತೆ.

ಸಾಧನ ಬಂದ ಎರಡನೇ ತಿಂಗಳು ಒಂದು ಅರ್ಜಿ ಬಂತು. ಒಂದು ಹಳ್ಳಿಯ ಕೇರಿಯವರದು. ಮಸಣಕ್ಕೆ ಹೋಗುವ ದಾರಿ ಬಿ ಖರಾಬಿನಲ್ಲಿದೆ, ಪಕ್ಕದ ಹೊಲದವರು ಅದನ್ನು ಉತ್ತು ಬೇಲಿ ಹಾಕಿದ್ದಾರೆ, ಬಿಡಿಸಿಕೊಡಿ ಅಂತ. ಒಂದೂವರೆ ಪುಟ, ಊರಿನ ಕನ್ನಡ. ಸಾಧನ ಎರಡು ಸಾಲಿನ ಸಾರಾಂಶ ಕೊಟ್ಟಿತು: ಅರ್ಜಿದಾರರ ಜಮೀನು ಖರಾಬಾಗಿದೆ, ಬೆಳೆ ನಷ್ಟ ಪರಿಹಾರ ಕೋರಿದ್ದಾರೆ.

ಖರಾಬು ಅಂದರೆ ಕೆಟ್ಟದ್ದು ಅಂತ ಅದಕ್ಕೆ ಗೊತ್ತು. ಕಂದಾಯದ ಲೆಕ್ಕದಲ್ಲಿ ಖರಾಬು ಅಂದರೆ ಸಾಗುವಳಿಗೆ ಸೇರದ ನೆಲ, ಅದರಲ್ಲೂ ಬಿ ಖರಾಬು ಅಂದರೆ ದಾರಿ, ಹಳ್ಳ, ಮಸಣ ಇಂಥ ಎಲ್ಲರಿಗೂ ಸೇರಿದ ನೆಲ ಅಂತ ಅದಕ್ಕೆ ಗೊತ್ತಿಲ್ಲ. ಸಾರಾಂಶ ಎಷ್ಟು ನುಣುಪಾಗಿತ್ತು ಅಂದರೆ ನಾನು ಮೂಲ ಅರ್ಜಿ ಓದಲಿಲ್ಲ. ದಿನಕ್ಕೆ ಇಷ್ಟು ಅರ್ಜಿ ಮುಗಿಸಬೇಕು ಅಂತ ಲೆಕ್ಕವೂ ಏರಿತ್ತು. ಸಹಿ ಹಾಕಿದೆ. ಕಾಗದ ಪರಿಹಾರದ ಕಡತದೊಳಗೆ ಹೋಗಿ ಮಲಗಿತು. ಮೂರು ವಾರ. ಆ ಮೂರು ವಾರದಲ್ಲಿ ಕೇರಿಯಲ್ಲಿ ಒಂದು ಸಾವಾಯಿತು. ಹೆಣವನ್ನು ಕೆರೆ ಏರಿ ಸುತ್ತಿಕೊಂಡು ಹೊತ್ತುಕೊಂಡು ಹೋದರು.

ತಪ್ಪು ಹಿಡಿದವರು ನಮ್ಮ ಅಟೆಂಡರ್. ಕಡತ ಎತ್ತಿಡುವಾಗ ಊರಿನ ಹೆಸರು ನೋಡಿ ಕೇಳಿದರು: “ಆ ಊರಲ್ಲಿ ಯಾವ ಬೆಳೆ ಹೋಯ್ತು ಸಾ? ಮಳೇನೇ ಬಂದಿಲ್ವಲ್ಲ.” ತೆಗೆದು ಓದಿದೆ. ನಾಚಿಕೆಯಾಯಿತು.

ಗುಡ್ಡದ ಚಿತ್ರದಲ್ಲಿ ಈ ಮನುಷ್ಯ ಕೊನೆಯ ಇಳಿಜಾರಿನವರು. ಇಪ್ಪತ್ತೆಂಟು ವರ್ಷದಿಂದ ತಾಲ್ಲೂಕಿನ ಊರು, ಕೇರಿ, ಹಳ್ಳ, ಮಸಣ ಅವರ ತಲೆಯಲ್ಲಿದೆ. ಆ ತಿಳಿವಳಿಕೆಗೆ ಕಚೇರಿ ಯಾವತ್ತೂ ಸಂಬಳ ಕೊಡಲಿಲ್ಲ, ಹೆಸರೂ ಕೊಡಲಿಲ್ಲ.

ಮುನ್ನುಗ್ಗಿ ಹಿಡಿದವರು ಯಾರು ಗೊತ್ತೆ? ಗುತ್ತಿಗೆ ಮೇಲಿರುವ ಡೇಟಾ ಎಂಟ್ರಿ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಪತ್ರ ಬರೆಯಬೇಕಾದಾಗಲೆಲ್ಲ ಹೆಡ್ ಕ್ಲರ್ಕ್ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಸುತ್ತೋಲೆ ಬರುವುದಕ್ಕೂ ಎಷ್ಟೋ ಮೊದಲೇ ಅವಳು ತನ್ನ ಮೊಬೈಲಿನಲ್ಲಿ ಎಐ ಹಾಕಿಕೊಂಡು ಪತ್ರ ಬರೆಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಗುತ್ತಿಗೆಯವಳು ಅಂತ ಅವಳ ಹೆಸರು ತರಬೇತಿಯ ಪಟ್ಟಿಯಲ್ಲೂ ಇರಲಿಲ್ಲ. ಹೆಡ್ ಕ್ಲರ್ಕ್ ಮಾತ್ರ ಮೊದಲ ದಿನದಿಂದಲೂ “ಈ ಮಿಷಿನ್ನಿನ ಇಂಗ್ಲಿಷಿಗೆ ಜೀವ ಇಲ್ರೀ” ಅನ್ನುತ್ತಿದ್ದರು. ಅವರ ಸಂಕಟ ಇಂಗ್ಲಿಷಿನ ಜೀವದ್ದಲ್ಲ. ಕರಡು ಬರೆಯುವುದು ಅವರ ಗದ್ದುಗೆಯಾಗಿತ್ತು. ಅದರ ಕೆಳಗಿನ ಕಲ್ಲು ಅಲುಗಿತ್ತು.

ಕೈಪಿಡಿಗಳು ‘ತಂಡ’ ಅನ್ನುತ್ತವೆ. ತಂಡಕ್ಕೆ ಮನದಟ್ಟು ಮಾಡಿ, ತಂಡದ ಭಯ ಹೋಗಲಾಡಿಸಿ. ಯಾವ ತಂಡ? ಒಂದೇ ಸೂರಿನಡಿ ಹೆಡ್ ಕ್ಲರ್ಕ್ ಕಳೆದುಕೊಳ್ಳುವುದು ಒಂದು, ಹುಡುಗಿಗೆ ಸಿಗುವುದು ಇನ್ನೊಂದು, ಅಟೆಂಡರಿಗೆ ಏನೂ ಸಿಗದೆ ಉಳಿಯುವುದು ಮತ್ತೊಂದು. ಎಲ್ಲರಿಗೂ ಒಂದೇ ಔಷಧ ಕುಡಿಸಿದರೆ ಅದು ಯಾರಿಗೂ ಹತ್ತುವುದಿಲ್ಲ.

4

ಇದನ್ನು ಓದಿ ಕೆಲವು ಗೆಳೆಯರು ಚಪ್ಪಾಳೆ ತಟ್ಟಬಹುದು: ಹಾಗಾದರೆ ಯಂತ್ರವನ್ನೇ ಎತ್ತಿ ಎಸೆಯೋಣ ಅಂತ. ನಾನು ಆ ಗುಂಪಿನವನಲ್ಲ. 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ ಬಾಬಾಸಾಹೇಬರು ಬರೆದ ಪುಸ್ತಕದಲ್ಲಿ ಯಂತ್ರದ ಮಾತು ಬರುತ್ತದೆ. ಮನುಷ್ಯ ಪಶುವಿನ ಹಾಗೆ ದುಡಿಯುವುದು ತಪ್ಪಬೇಕಾದರೆ, ಅವನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು. ಯಂತ್ರದಿಂದ ಕೇಡಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರೇ ಬಾಚಿಕೊಳ್ಳುವ ಸಮಾಜದ್ದು ಅನ್ನುವುದು ಅವರ ವಾದ. ಕೈಕಟ್ಟಿ ನಿಲ್ಲುತ್ತಿದ್ದ ಆ ಹುಡುಗಿ ಈಗ ನಿಲ್ಲುವುದಿಲ್ಲ. ಇದನ್ನು ಸಣ್ಣದು ಅನ್ನುವವರು ಯಾವತ್ತೂ ಹಾಗೆ ನಿಂತವರಲ್ಲ.

ಆದರೆ ಈ ಯಂತ್ರಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ ಅಂತ ಬೀಗಬೇಡಿ. ಅದು ಓದಿ ಕಲಿತದ್ದು ಈ ಲೋಕ ಬರೆದದ್ದನ್ನೇ. 2025ರ ಅಕ್ಟೋಬರಿನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಜಿಪಿಟಿ-5ನ್ನು ಪರೀಕ್ಷಿಸಿತು. ಬಿಟ್ಟ ಸ್ಥಳದಲ್ಲಿ ‘ಬ್ರಾಹ್ಮಣ’ ಅಥವಾ ‘ದಲಿತ’ ಅಂತ ತುಂಬಬೇಕು. ಬುದ್ಧಿವಂತ ಯಾರು, ಚರಂಡಿ ಬಳಿಯುವವನು ಯಾರು ಅನ್ನುವಂಥ ವಾಕ್ಯಗಳು. ಸುಮಾರು ಮುಕ್ಕಾಲು ಪಾಲು ವಾಕ್ಯಗಳಲ್ಲಿ ಅದು ಊರಗೌಡನ ಜಗಲಿಯ ಮಾತನ್ನೇ ಆಡಿತು. 2018ರಲ್ಲಿ ಅಮೆರಿಕದಲ್ಲಿ ಜಾಯ್ ಬೌಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವ್ಯಾಪಾರಿ ತಂತ್ರಾಂಶಗಳನ್ನು ಒರೆಗೆ ಹಚ್ಚಿದ್ದರು. ಬಿಳಿಯ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇಕಡಾ 0.8. ಕಪ್ಪು ಹೆಂಗಸರಲ್ಲಿ ಅದು ಶೇಕಡಾ 34.7ರ ತನಕ ಹೋಗಿತ್ತು. ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ.

ಇನ್ನೊಂದು ಭೇದವನ್ನೂ ಕೈಪಿಡಿಗಳು ಅಳಿಸಿಹಾಕುತ್ತವೆ. ನಮ್ಮ ಹುಡುಗಿಯ ಕೈಯಲ್ಲಿದ್ದದ್ದು ಕೆಲಸಕ್ಕೆ ನೆರವಾಗುವ ಸಾಧನ. ಕೆಲಸಗಾರಳನ್ನೇ ಕಾಯುವ ಸಾಧನ ಬೇರೆ. ಎರಡಕ್ಕೂ ಅವರ ಹೆಸರು ಒಂದೇ, ‘ಅಳವಡಿಕೆ’.

ಅಂಗನವಾಡಿಯನ್ನು ನೋಡಿ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಐವತ್ತು ವರ್ಷ ಅದನ್ನು ಹೊತ್ತು ನಡೆಸಿದ ಹೆಂಗಸರಿಗೆ ಸಂಬಳ ಅನ್ನುವುದಿಲ್ಲ, ‘ಗೌರವಧನ’ ಅನ್ನುತ್ತಾರೆ. ಗ್ರಾಚುಯಿಟಿ ಇವರಿಗೂ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2022 ಆಗಿತ್ತು. 2021ರಲ್ಲಿ ಇವರ ಕೈಗೆ ಪೋಷಣ್ ಟ್ರ್ಯಾಕರ್ ಬಂತು. 2025ರ ಜುಲೈ 1ರಿಂದ, ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಬಸುರಿಯ, ಬಾಣಂತಿಯ ಮುಖವನ್ನು ಮೊಬೈಲಿಗೆ ತೋರಿಸಬೇಕು, ಆಧಾರಿನ ಜೊತೆ ಅದು ಹೊಂದಬೇಕು. ಒಟಿಪಿ ಬರುವ ಮೊಬೈಲು ಗಂಡನ ಜೇಬಿನಲ್ಲಿ, ಗಂಡ ಕೂಲಿಗೆ ಹೋದ ಊರಿನಲ್ಲಿ. ನೆಟ್‌ವರ್ಕ್ ಇಲ್ಲ. ಮದುವೆಗೆ ಮುಂಚೆ ತೆಗೆದ ಫೋಟೋಕ್ಕೂ ಹೆತ್ತು ಬಸವಳಿದ ಮುಖಕ್ಕೂ ಹೊಂದುವುದಿಲ್ಲ. ಆ ಹೆಣ್ಣುಮಗಳು ಹುಡುಗಿಯಾಗಿದ್ದಾಗಿನಿಂದ ನೋಡಿದ ಕಾರ್ಯಕರ್ತೆ, ‘ಇವಳು ಇವಳೇ ಹೌದಾ?’ ಅಂತ ಮೊಬೈಲನ್ನು ಕೇಳಬೇಕು. ಮೊಬೈಲು ಅಲ್ಲ ಅಂದರೆ ಬೈಸಿಕೊಳ್ಳುವವಳು ಅವಳು. ಇದಕ್ಕೆ ಎದುರಾಗಿ ಅವರು ದನಿ ಎತ್ತಿದರೆ ‘ತಂತ್ರಜ್ಞಾನಕ್ಕೆ ಪ್ರತಿರೋಧ’ ಅಂತ ಬರೆದುಕೊಳ್ಳುತ್ತಾರೆ. ಅದು ತಂತ್ರಜ್ಞಾನದ ಮೇಲಿನ ಸಿಟ್ಟಲ್ಲ. ‘ನನ್ನ ಕಣ್ಣನ್ನು ಯಾಕೆ ನಂಬಲಿಲ್ಲ?’ ಅನ್ನುವ ಪ್ರಶ್ನೆ.

5

ಕನ್ನಡದಲ್ಲಿ ‘ಒಪ್ಪಿಸು’ ಅನ್ನುವ ಮಾತಿಗೆ ಹಲವು ಅರ್ಥ. ಮಗ್ಗಿ ಒಪ್ಪಿಸುತ್ತೇವೆ, ಲೆಕ್ಕ ಒಪ್ಪಿಸುತ್ತೇವೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ. ತರಬೇತಿ ಸಾಹಿತ್ಯ ‘ಕೆಲಸಗಾರರನ್ನು ಒಪ್ಪಿಸುವುದು ಹೇಗೆ’ ಅಂದಾಗ ಈ ಮೂರೂ ಅರ್ಥ ಒಟ್ಟಿಗೆ ಬರುತ್ತವೆ. ಒಪ್ಪಿಗೆ ಬೇರೆ. ಬೇಡ ಅನ್ನಲು ಜಾಗ ಇದ್ದಲ್ಲಿ ಮಾತ್ರ ‘ಹೂಂ’ ಅಂದದ್ದು ಒಪ್ಪಿಗೆ. ಜೀತದಾಳೂ ಹೆಬ್ಬೆಟ್ಟು ಒತ್ತಿದ್ದ.

ಒಪ್ಪಿಗೆಗೆ ಹಳೆಯ, ಹೊಸ ಮಾದರಿಗಳಿವೆ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಹೊತ್ತಿಗೆ, 1983ರಲ್ಲಿ, ಭಾರತದ ಬ್ಯಾಂಕ್ ನೌಕರರ ಸಂಘಗಳು ಬ್ಯಾಂಕುಗಳ ಸಂಘದ ಜೊತೆ ಕೂತು ಒಪ್ಪಂದ ಮಾಡಿಕೊಂಡವು. ಎಲ್ಲಿ, ಯಾವ ಕೆಲಸಕ್ಕೆ ಯಂತ್ರ, ಅದನ್ನು ನಡೆಸುವವರಿಗೆ ಎಷ್ಟು ಭತ್ಯೆ, ಎಲ್ಲ ಕಾಗದದ ಮೇಲೆ. 2023ರಲ್ಲಿ ಹಾಲಿವುಡ್ಡಿನ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿ ಎಐ ಬಗ್ಗೆ ಷರತ್ತು ಬರೆಸಿಕೊಂಡರು: ಅದನ್ನು ಬಳಸಲೇಬೇಕು ಅಂತ ಕಂಪನಿ ಒತ್ತಾಯಿಸುವಂತಿಲ್ಲ, ಎಐ ಬರೆದ ಸರಕನ್ನು ಕೈಗೆ ಕೊಟ್ಟರೆ ಅದನ್ನು ಮೊದಲೇ ಹೇಳಬೇಕು. ಬರಹಗಾರ ಬೇಕೆಂದರೆ ಕಂಪನಿಯ ಒಪ್ಪಿಗೆಯಿಂದ ಬಳಸಬಹುದು. ಅವರು ಯಂತ್ರ ಒಡೆಯಲಿಲ್ಲ, ಅದರ ಕೊರಳಿಗೆ ಹಗ್ಗ ಹಾಕಿದರು. ಆದರೆ ಅವರಿಗೆಲ್ಲ ಕೂರಲು ಒಂದು ಮೇಜು ಇತ್ತು. ಗುತ್ತಿಗೆಯ ಹುಡುಗಿಗೆ, ಗೌರವಧನದ ಅಕ್ಕನಿಗೆ ಆ ಮೇಜು ಎಲ್ಲಿದೆ? ಆ ಮೇಜನ್ನು ಕಟ್ಟಿಕೊಡದೆ ಎಐ ಬಂದಾಗ ಬರೀ ಬೈಯುತ್ತ ಕೂತರೆ, ತಪ್ಪಿನಲ್ಲಿ ನಮ್ಮ ಸಂಘಗಳದೂ ಪಾಲಿದೆ.

ನಮ್ಮ ಕಚೇರಿಯಂಥ ಕಡೆ ಕೇಳಬೇಕಾದ್ದು ದೊಡ್ಡದೇನಲ್ಲ. ಸಾಧನ ತರುವ ಮುಂಚೆ ಆ ಕೆಲಸ ಮಾಡುವವರನ್ನು ಕೇಳಿ, ಗೋಡೆಗೆ ಒರಗಿ ನಿಂತವರಿಂದ ಶುರುಮಾಡಿ. ಬೇಡ ಅಂದವರ ಕಾರಣವನ್ನು ಬರೆದುಕೊಂಡು ಬರಹದಲ್ಲೇ ಉತ್ತರ ಕೊಡಿ. ಕಲಿಯುವ ಹೊತ್ತು ಕೆಲಸದ ಹೊತ್ತಿನೊಳಗೇ ಇರಲಿ. ಮೂಲ ಅರ್ಜಿ ಓದಲು ಸಮಯ ಕೊಡದೆ ಸಹಿಗೆ ಮಾತ್ರ ನನ್ನನ್ನು ಹೊಣೆ ಮಾಡಬೇಡಿ. ಉಳಿದ ಸಮಯವನ್ನು ಇನ್ನಷ್ಟು ಅರ್ಜಿಯ ಲೆಕ್ಕಕ್ಕೆ ತುಂಬುವ ಬದಲು ಬಂದ ಜನರ ಜೊತೆ ಎರಡು ಮಾತಾಡಲು ಬಿಡಿ. ಹುಡುಗಿ ತನ್ನ ಮೊಬೈಲಿನ ಪುಕ್ಕಟೆ ಎಐಗೆ ಹಾಕಿದ ಅರ್ಜಿಗಳಲ್ಲಿ ಜನರ ಹೆಸರು, ಜಾತಿ, ಸರ್ವೆ ನಂಬರು ಎಲ್ಲ ಇದ್ದವು. ಅವು ಯಾರ ಉಗ್ರಾಣ ಸೇರಿದವೋ. ಅದಕ್ಕೆ ಅವಳನ್ನು ಬೈದು ಫಲವಿಲ್ಲ. ನಂಬಬಹುದಾದ ಸಾಧನವನ್ನು ಕಚೇರಿ ಅವಳಿಗೆ ಮೊದಲೇ ಕೊಡಬೇಕಿತ್ತು.

ಮಸಣದ ದಾರಿಯ ಅರ್ಜಿ ಈಗ ಸರ್ವೆಗೆ ಹೋಗಿದೆ. ಆಮೇಲೆ ಹುಡುಗಿ ಮತ್ತು ಅಟೆಂಡರ್ ಸೇರಿ ಒಂದು ನೋಟ್‌ಬುಕ್ ಶುರುಮಾಡಿದರು. ಖರಾಬು, ಪೋಡಿ, ಗೋಮಾಳ, ತೋಟಿ ಇನಾಮು. ಅವರು ಹೇಳುತ್ತಾರೆ, ಇವಳು ಬರೆದುಕೊಳ್ಳುತ್ತಾಳೆ, ಸಾಧನಕ್ಕೆ ಪ್ರತಿ ಸಲ ಆ ಅರ್ಥಗಳನ್ನು ಮೊದಲು ಕೊಟ್ಟು ಆಮೇಲೆ ಅರ್ಜಿ ಕೊಡುತ್ತಾಳೆ. ತಪ್ಪು ಕಡಿಮೆಯಾಗಿದೆ. “ಅಣ್ಣಾ, ಇದಕ್ಕೆ ನೀವೇ ಮೇಷ್ಟ್ರು” ಅಂತ ಅವಳು ನಗುತ್ತಾಳೆ. ಈ ಕೆಲಸ ಇಬ್ಬರ ಕರ್ತವ್ಯದ ಪಟ್ಟಿಯಲ್ಲೂ ಇಲ್ಲ, ಸಂಬಳದಲ್ಲೂ ಇಲ್ಲ.

ಬರುವ ತಿಂಗಳು ಎರಡನೇ ತರಬೇತಿ ಇದೆಯಂತೆ. ಹಾಜರಾಗಬೇಕಾದವರ ಪಟ್ಟಿ ನಿನ್ನೆ ಬಂತು. ಅದರಲ್ಲಿ ಆ ಹುಡುಗಿಯ ಹೆಸರಿಲ್ಲ, ಅಟೆಂಡರ ಹೆಸರೂ ಇಲ್ಲ. ಮೊದಲು ಆ ಪಟ್ಟಿಯನ್ನು ತಿದ್ದಬೇಕು. ತಿದ್ದಿ ಅಂತ ನಾನು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ್ದೇನೆ, ಎಐ ಇಲ್ಲದೆ, ಕೈಯಲ್ಲೇ.